ಯೂ ಕಾಂಟ್ ಮಿಸ್ ಇಟ್

ಹೌ ಡು ಯೂ ಕಮ್ ಟು ವರ್ಕ್, ಅಂತ ಕೇಳತಾರ ರೆಬೆಲೋ ಮೇಡಂ.
ಖಡೇಬಜಾರದಾಗ ಸ್ಟೇಶನರಿ ಅಂಗಡಿ ಮ್ಯಾಲಿನ ಖೋಲಿ,
ಫ್ಯಾನ್ ಹಚ್ಚಿದರ ಬಿಳಿಹಲಗಿ ಅಲ್ಲಾಡತೈತಿ.
ಐ ಕಮ್ ಬೈ ಬಸ್, ಅಂತೀನಿ. ಇಟ್ ಟೇಕ್ಸ್ ಫಾರ್ಟಿ ಮಿನಿಟ್ಸ್.
ಗುಡ್, ಸುಗಂಧಾ. ಕುಂಡ್ರತೀನಿ.

ಸುಳ್ಳಲ್ಲ ಅದು. ಪೂರಾ ಖರೇನೂ ಅಲ್ಲ.
ಸುಳೇಭಾವಿ ಬಿಡೂ ಏಳೂ ಹತ್ತರ ಬಸ್ಸಿನಾಗ
ನಾ ಎಂದೂ ಕುಂತು ಬಂದಾಕಿಯಲ್ಲ.
ನನ್ನ ಚೀಲ ಕುಂತು ಬರತೈತಿ
ಹೆಸರು ಗೊತ್ತಿಲ್ಲದ ಯಾರದರೆ ತೊಡಿ ಮ್ಯಾಲ;
ಡಬ್ಬಿಯೊಳಗಿನ ಝುಣಕದ ಬಿಸಿ ತಾಗಿ
ಏನ್ ಮಾಡೀಯವಾ ಇವತ್ತ, ಅಂತ ಕೇಳತಾರ.
ಸಾಂಬ್ರಾ ಹತ್ತರ ವಿಮಾನ ಇಳದರ
ಡ್ರೈವರ್ ಬಗ್ಗಿ ನೋಡತಾನ,
ಅವನ ಹಿಂದ ಬಸ್ಸಿಗೆ ಬಸ್ಸೇ ಬಗ್ಗತೈತಿ.
ಇದನ್ನೆಲ್ಲ ಬೈ ಅನ್ನೂ ಒಂದು ಅಕ್ಷರದಾಗ
ಹೆಂಗ ತುರುಕಲಿ ಮೇಡಂ?

ಎಂಟೂವರಿಗೆ ನಾ ಹೆಲ್ಪ್ ಡೆಸ್ಕ್.
ಮೂರು ಕಟ್ಟಡ ಹೊಲದು ಒಂದು ಮಾಡಿದ ದವಾಖಾನಿ,
ಹೊಲಿಗಿ ಹಾಕಿದಲ್ಲೆಲ್ಲ ಮಂದಿ ದಾರಿ ತಪ್ಪತಾರ.
ಸೀದಾ ಹೋಗ್ರಿ, ಎಡಕ್ಕ ಹೊಳ್ರಿ.
ಸರಳ ಜಾ, ಡಾವೀಕಡೆ ವಳಾ.
ಗೋ ಸ್ಟ್ರೇಟ್, ಟರ್ನ್ ಲೆಫ್ಟ್, ನೆಕ್ಸ್ಟ್ ಟು ದಿ ಲಿಫ್ಟ್.
ಸಂಜಿಗೆ ನಾಲಿಗಿಗೇ ತಿರುವು ಬಂದಿರತಾವ.

ಮುರಗೋಡದ ಮುದುಕಪ್ಪ ಒಬ್ಬಾತ
ಎಕ್ಸ್‌ರೇ ಚೀಟಿ ಹಿಡದು ನನ್ನ ನೋಡಿ ನಕ್ಕ:
ಎಡ ಅಂತೀಯಲ್ಲವಾ, ಯಾರ ಎಡ?
ನೀ ನನ್ನ ಕಡಿ ಮಾರಿ ಮಾಡಿ ಕುಂತೀ,
ನಿನ್ನ ಎಡ ಅಂದರ ನನಗ ಬಲ.
ಮೂಡಲಕ್ಕೋ ಪಡುವಲಕ್ಕೋ, ಅಷ್ಟ ಹೇಳು.
ಟ್ಯೂಬ್‌ಲೈಟಿಗೆ ಮೂಡಲ ಎಲ್ಲಿಂದ ತರಲಿ?
ಬಾಗಿಲದಾಗಿನ ಗೈಬೂಸಾಬಗ ಕೇಳಿದೆ,
ಅವ ಹೊರಗ ಹೋಗಿ ನೆರಳು ನೋಡಿ ಬಂದು
ಕ್ಯಾಶ್ ಕೌಂಟರ್ ಕಡಿ ಕೋಲು ತೋರಿಸಿದ.
ಅವತ್ತಿಂದ ನನ್ನ ಮೇಜಿನ ಅಂಚಿಗೆ
ಒಂದು ಬೆಂಕಿಕಡ್ಡಿ ಅಂಟಿಸೀನಿ,
ಅದರ ಮದ್ದಿನ ತುದಿ ಮೂಡಲಕ್ಕ.

ಪಾಠ ಹನ್ನೊಂದರಾಗ ಎಲ್ಲಾ ಇತ್ತು.
ಕ್ಯಾಂಟೀನ್, ರೆಸ್ಟ್‌ರೂಮ್, ಮೀಟಿಂಗ್ ರೂಮ್,
ದಾರಿ ಹೇಳಿ ಮುಗಿದ ಮ್ಯಾಲ ನಗುನಗುತ್ತ
ಯೂ ಕಾಂಟ್ ಮಿಸ್ ಇಟ್ ಅನ್ನಬೇಕು, ಕೇಳಿದವರಿಗೆ ಧೈರ್ಯ,
ಅಂದಿದ್ದರು ಮೇಡಂ. ಹತ್ತು ಸಲ ಬರಸಿದ್ದರು.

ಬುಧವಾರ, ಊಟದ ಹೊತ್ತು.
ಫೋಂಡಾದಿಂದ ಬಂದ ಹುಡುಗ,
ನಾಕು ದಿನದಿಂದ ಐಸಿಯು ಹೊರಗ ಕುಂತಿದ್ದವ,
ಕೈಯಾಗ ತಾಯಿಯ ಕನ್ನಡಕ.
ಎಕ್ಸ್‌ಕ್ಯೂಸ್ ಮಿ, ಅಂದ. ವೇರ್ ಇಸ್ ದಿ ಮಾರ್ಚುರಿ?

ನನ್ನ ಬಾಯಿಂದ ಒಂದೂ ತಪ್ಪಿಲ್ಲದ ಇಂಗ್ಲಿಷು
ಅವತ್ತ ಮೊದಲನೇ ಸಲ ಹೊರಗ ಬಂತು.
ಗೋ ಡೌನ್ ದಿ ಸ್ಟೇರ್ಸ್. ಟರ್ನ್ ರೈಟ್.
ವಾಕ್ ಟು ದಿ ಎಂಡ್ ಆಫ್ ದಿ ಕಾರಿಡಾರ್.
ಇಟ್ಸ್ ದಿ ಲಾಸ್ಟ್ ಡೋರ್.
ದಿ ಎಲ್ಲೆಲ್ಲಿ ಬೇಕೋ ಅಲ್ಲಲ್ಲೇ ಬಿದ್ದಿತ್ತು.
ಹಿಂದಿನಿಂದ ಆ ಕಡೀ ವಾಕ್ಯನೂ
ಕಲಿತ ಕರು ಹಂಗ ತಾನೇ ಓಡಿ ಬಂತು,
ಹಲ್ಲು ಕಚ್ಚಿ ಕಟ್ಟಿಹಾಕಿದೆ.

ಆ ಬಾಗಿಲ ಯಾರೂ ತಪ್ಪಿಸಿಕೊಳ್ಳಂಗಿಲ್ಲ.
ಯಾರಿಗೆ ಧೈರ್ಯ ಅದು?

ಥ್ಯಾಂಕ್ ಯೂ, ಅಂದ. ನಿಂತೇ ಇದ್ದ.
ನನ್ನ ಎಡಕ್ಕೂ ಅಲ್ಲ, ತನ್ನ ಬಲಕ್ಕೂ ಅಲ್ಲ.
ಗೈಬೂಸಾಬಗ ಮೇಜು ನೋಡಕೊ ಅಂದು ಎದ್ದೆ.
ಕಮ್, ಅಂದೆ. ಮುಂದಿಂದು ತಿಳೀಲಿಲ್ಲ.
ಮೆಟ್ಟಲ ಇಳಿಯುವಾಗ ಅವ ಕೊಂಕಣಿಯಾಗ ಏನೋ ಅಂದ,
ನಾ ಹೂಂ ಅಂದೆ ಕನ್ನಡದಾಗ.

ಇವತ್ತ ಮೇಡಂ ಕೇಳಿದರು: ಯಾರಿಗರೆ ದಾರಿ ಹೇಳಿದಿಯೇನ
ಇಂಗ್ಲಿಷಿನಾಗ, ಈ ವಾರ?
ಯೆಸ್ ಮೇಡಂ.
ಎಲ್ಲಿಗೆ?
ಕ್ಯಾಂಟೀನ್, ಅಂದೆ.
ಗುಡ್, ಸುಗಂಧಾ.

ಏಳರ ಬಸ್ಸು ಸಿಬಿಟಿಯಾಗ ತಡಾ ಮಾಡಿ ಬಿಡತು.
ಕಿಡಕಿ ಬಾಜೂಕಿನ ಅಜ್ಜಿ ಕೈ ಚಾಚಿ
ತಾ ಇಲ್ಲೆ ಚೀಲ, ಅಂದಳು.
ಖಾಲಿ ಡಬ್ಬಿ, ಹಗರ ಐತಿ.
ಕೊಟ್ಟೆ.