ಮೂವತ್ತೆರಡನೆಯದು

ನಾನು ಥಾವೋನರ ಜೀಪು ಓಡಿಸಿದವನು.
ಇಪ್ಪತ್ತಾರು ವರ್ಷ, ಮೂರು ಜೀಪು.
ಅವರು ಆಕಾಶದಲ್ಲಿದ್ದದ್ದು ಏಳೇ ದಿನ,
ಉಳಿದದ್ದೆಲ್ಲ ಫೋನ್‌ಸವನ್ನಿನ ಕೆಂಪು ಧೂಳು,
ಶಾಲೆಗಳು, ಬಿಸಿಲಲ್ಲಿ ಸಾಲು ನಿಂತ ಮಕ್ಕಳು,
ಎಲ್ಲ ಕಡೆ ಅದೇ ಪ್ರಶ್ನೆ:
ಅಲ್ಲಿ ಉಚ್ಚೆ ಹೇಗೆ ಹೊಯ್ಯುತ್ತಿದ್ದಿರಿ?
ನಕ್ಕು ಹೇಳುತ್ತಿದ್ದರು, ಪ್ರತಿಸಲವೂ ಮೊದಲ ಸಲದಂತೆ.

ವೇದಿಕೆಯಲ್ಲಿ ಹೇಳದೆ ಉಳಿದದ್ದನ್ನು
ಗಾಡಿ ಕೆಟ್ಟು ನಿಂತ ಘಾಟಿಗಳಲ್ಲಿ
ತುತ್ತು ತುತ್ತಾಗಿ ನನಗೆ ಕೊಟ್ಟರು
ಬಿದಿರ ಬುಟ್ಟಿಯ ಅಂಟನ್ನದ ಜೊತೆ.

ಹುಟ್ಟಿದ್ದೇ ಗುಹೆಯಲ್ಲಂತೆ.
ಒಂಬತ್ತು ತುಂಬುವ ತನಕ ಆಕಾಶವೆಂದರೆ
ಕೇಳಿದೊಡನೆ ಒಳಗೋಡಬೇಕಾದ ಸದ್ದು.
ತಾಯಿ ರಾತ್ರಿ ನಾಟಿ ಮಾಡಿ
ಹಗಲು ಮಗನ ಕಿವಿ ಮುಚ್ಚಿ ಕೂತಳು.
ವಿಮಾನಗಳು ನಿಂತ ಮೇಲೆ ಅಪ್ಪ
ಬಿದ್ದ ಬಾಂಬುಗಳ ಲೋಹ ಕರಗಿಸಿ
ಅಚ್ಚಿಗೆ ಹೊಯ್ದು ಚಮಚ ಮಾಡಿ
ಡಜನ್ ಲೆಕ್ಕದಲ್ಲಿ ಮಾರಿದ.
ಅದರಲ್ಲೊಂದು, ಬಾಲ ತುಸು ಸೊಟ್ಟ,
ಮಗನ ಜೇಬಿನಲ್ಲಿ ರಷ್ಯಕ್ಕೆ ಹೋಯಿತು.
ಹಾರುವ ಮುನ್ನ ತೂಗಿದರು: ಹತ್ತೊಂಬತ್ತು ಗ್ರಾಂ.
ಇದೇಕೆ, ಅಂದ ಅಧಿಕಾರಿ.
ಮೇಲಿಂದ ಬಂದದ್ದು, ವಾಪಸು ಕೊಡಬೇಕು.
ಅವನಿಗೆ ತಿಳಿಯಲಿಲ್ಲ. ಮೊಹರು ಒತ್ತಿದ.

ಭಾಷಣದಲ್ಲಿ: ಮೆಕಾಂಗ್ ಬೆಳ್ಳಿಯ ಎಳೆಯಂತೆ ಕಂಡಿತು.
ನನ್ನ ಹತ್ತಿರ: ಏಳು ದಿನವೂ ಬರೀ ಮೋಡ ಕಣಯ್ಯ.
ಕಂಡದ್ದು ಚಮಚ. ಕಣ್ಣೆದುರು ಮೆಲ್ಲಗೆ ಮಗುಚುತ್ತ,
ಕೆಳಗೆ ಯಾವುದೆಂದು ಮರೆತ ಹಾಗೆ.
ಬೀಳದ ಲೋಹ ನೋಡಿದ್ದು ಅದೇ ಮೊದಲು,
ಅಂದರು, ಜಾಕು ತಿರುಗಿಸುತ್ತ.
ಮತ್ತೆ ಅಲ್ಲೇ ಬಿಟ್ಟು ಬರಲಿಲ್ಲವೇಕೆ?
ಎಲ್ಲಿ ಬಿಡಲಿ?
ಎಲ್ಲಿ ಬಿಟ್ಟರೂ ಯಾರದೋ ತಲೆಯ ಮೇಲೇ.

ಮನುಷ್ಯನಿಗೆ ಮೂವತ್ತೆರಡು ಜೀವ, ನಮ್ಮ ಲೆಕ್ಕದಲ್ಲಿ.
ದೂರ ಹೋದವನು ಮರಳಿದಾಗ
ಚದುರಿದವನ್ನು ಕೂಗಿ ಕರೆದು
ಮಣಿಕಟ್ಟಿಗೆ ಬಿಳಿ ನೂಲು ಕಟ್ಟುತ್ತೇವೆ.
ಅವರಿಗೆ ಮಂತ್ರಿಗಳು ಕಟ್ಟಿದರು, ಜನರಲ್ಲುಗಳು ಕಟ್ಟಿದರು,
ಮೊಣಕೈ ತನಕ ನೂಲೇ ನೂಲು.
ತಾಯಿ ಕೊನೆಯವಳು. ಗಂಟು ಹಾಕಿ,
ಬೆರಳು ಮಡಿಸಿ ಮಡಿಸಿ ಎಣಿಸಿ,
ಒಂದು ಬಂದಿಲ್ಲ, ಅಂದಳು.
ಯಾರೋ ನಕ್ಕರು. ಥಾವೋನ್ ನಗಲಿಲ್ಲ.

ಅಲ್ಲಿಯವರೆಗೆ ಆ ಮುದುಕಿ
ಮಳೆ ಬರುತ್ತದೋ ಎಂದು ನೋಡಲೂ ತಲೆ ಎತ್ತಿದವಳಲ್ಲ.
ಅಂದಿನಿಂದ ದಿನಾ ಸಂಜೆ
ಅಂಗಳಕ್ಕೆ ಬಂದು, ಕತ್ತೆತ್ತಿ,
ಕೋಳಿಯನ್ನು ಗೂಡಿಗೆ ಕರೆವ ದನಿಯಲ್ಲಿ
ಬಾ, ಕತ್ತಲಾಯಿತು, ಬಾ, ಎಂದು ಕರೆದಳು,
ಸಾಯುವ ತನಕ.

ಹೋದ ಚಳಿಗಾಲ ಅವರೂ ಹೋದರು.
ಮನೆಯವರಿಗೆ ಮೆಡಲು, ಸರ್ಕಾರಕ್ಕೆ ಜೀಪು,
ಚಮಚ ಮ್ಯೂಸಿಯಮ್ಮಿಗೆ ಎಂದು ಆದೇಶ ಬಂತು.
ನಾನೇ ತಲುಪಿಸಿ ರಸೀತಿ ಪಡೆದೆ.
ಹೋದರೆ ನೋಡಿ ಬನ್ನಿ, ಗಾಜಿನ ಪೆಟ್ಟಿಗೆ, ಒಳಗೆ ದೀಪ,
ಕೆಳಗೆ ಅವರ ಹೆಸರು.
ಬಾಲ ನೆಟ್ಟಗಿದೆ.