ಹದಿನೇಳನೆಯ ಹೆಸರು

ಮನಾಮದ ಗುದೈಬಿಯಾ ಗಲ್ಲಿ, ರಾತ್ರಿ ಒಂಬತ್ತು ದಾಟಿತ್ತು.
ಶಟರು ಅರ್ಧ ಎಳೆದಿದ್ದೆ. ಒಳಗೆ ಹೀಟ್ ಪ್ರೆಸ್ಸು
ಇಳಿಸಿಟ್ಟ ಕಾವಲಿಯ ಹಾಗೆ ಇನ್ನೂ ಬಿಸಿ.
ಆಗ ಬಂತು ಫೋನಿನಲ್ಲಿ ಪಟ್ಟಿ:
ಸಹಿ ಬಿದ್ದ ಕಾಗದದ ಓರೆ ಫೋಟೊ,
ಮೂಲೆಯಲ್ಲಿ ಯಾರದೋ ಹೆಬ್ಬೆರಳು,
ಮೇಲೆ ಉಜ್ಬೇಕಿಸ್ತಾನ, ಗಂಡಸರ ಹ್ಯಾಂಡ್‌ಬಾಲ್,
ಕೆಳಗೆ ಹದಿನಾರು ಹೆಸರು.

ಅವರ ಪೆಟ್ಟಿಗೆಗಳು ಬೇರೆ ವಿಮಾನ ಹತ್ತಿ
ಬೇರೆ ಯಾವುದೋ ಊರು ನೋಡಲು ಹೋಗಿದ್ದವಂತೆ.
ನಾಳೆ ಸಂಜೆ ಐದಕ್ಕೆ ಆಟ.
ಯಜಮಾನ ಜಾಸಿಮ್ ಗೋದಾಮು ಜಾಲಾಡಿ ತಂದದ್ದು
ಹದಿಮೂರು ಬಿಳಿ ಅಂಗಿ,
ಗೋಲು ಕಾಯುವವರಿಗೆ ಮೂರು ಹಳದಿ. ಮುಗಿಯಿತು.

ಈ ವಾರವೆಲ್ಲ ಇದೇ ಕೆಲಸ ನನಗೆ.
ಕೊರಿಯಾದವರದು ಮೂರಕ್ಷರಕ್ಕೆ ಮುಗಿಯುವ ಹೆಸರು,
ಆದರೆ ಐದು ಜನ ಕಿಮ್;
ಯಾವ ಕಿಮ್‌ಗೆ ಯಾವ ಅಂಗಿ, ಎದೆಯಳತೆಯೇ ಗುರುತು.
ಕುವೈತಿನವರು ಅಪ್ಪನ ಹೆಸರು ಬೇಡ, ಮನೆತನದ್ದು ಹಾಕು ಅಂದರು;
ಮರುದಿನ, ಮನೆತನ ಬೇಡ, ಅಪ್ಪನದೇ ಇರಲಿ ಅಂದರು.
ಇರಾನಿನ ಎಡಗೈಯವನೊಬ್ಬ ಖುದ್ದಾಗಿ ಬಂದು
ಕುತ್ತಿಗೆ ಬಿಗಿಯೆಂದು ತೋರಿಸಿ, ಚಾ ಕುಡಿದು,
ಪ್ಲಾಸ್ಟಿಕ್ ಕುರ್ಚಿಯ ಕೈ ಮುರಿದು ಹೋದ.

ಅಕ್ಷರ ಕತ್ತರಿಸಿ, ಸಾಲಿಗಿಟ್ಟು,
ಹದಿನೈದು ಎಣಿಸುವವರೆಗೆ ಒತ್ತಿ ಹಿಡಿದೆ.
ಒಂಬತ್ತನೇ ನಂಬರಿನವನು ಖುದೊಯ್‌ಬೆರ್ದಿಯೆವ್.
ಇಂಗ್ಲಿಷಿನಲ್ಲಿ ಹದಿಮೂರು ಅಕ್ಷರ!
ಈ ಭುಜದಿಂದ ಆ ಭುಜಕ್ಕೆ ಸೇತುವೆ ಕಟ್ಟಿದ ಹಾಗೆ.
ಖುದಾ ಅಂದರೆ ದೇವರು ಅಂದ ಮೊಫಿಜುಲ್;
ಉಳಿದದ್ದು ಏನೆಂದು ಅವನಿಗೂ ಗೊತ್ತಿಲ್ಲ.

ಹನ್ನೆರಡೂವರೆಗೆ ಮತ್ತೆ ಫೋನು.
ಪಟ್ಟಿ ಬದಲಾಯಿತು. ಒಂಬತ್ತು ಅವನಲ್ಲ,
ಒರಿಪೋವ್. ತೆಗೆ, ಬೇರೆ ಹಾಕು.
ಮೊಣಕಾಲೋ, ಮುನಿಸೋ, ಕೋಚಿನ ಲೆಕ್ಕವೋ,
ಅಂಗಡಿಯವನಿಗೆ ಯಾರು ಹೇಳುತ್ತಾರೆ?

ಹಾಕುವುದಕ್ಕಿಂತ ಕೀಳುವುದು ಕಷ್ಟ.
ಮತ್ತೆ ಬಿಸಿ ಮುಟ್ಟಿಸಿ, ಉಗುರಿನ ತುದಿ ಸಿಕ್ಕಿಸಿ
ಗಾಯದ ಹಕ್ಕಳೆ ಎಬ್ಬಿಸುವ ಹಾಗೆ
ಎಬ್ಬಿಸಿದೆ ಹದಿಮೂರನ್ನೂ.
ಬಣ್ಣ ಹೋಯಿತು. ಅಂಟು ಹೋಗಲಿಲ್ಲ.
ಒರಿಪೋವ್‌ಗೆ ಆರೇ ಅಕ್ಷರ, ನಡುವೆ ಕೂತವು;
ಎಡಕ್ಕೆ ಮೂರು, ಬಲಕ್ಕೆ ನಾಲ್ಕು
ಹಳೆಯವು ಹೊರಗೇ ಉಳಿದವು,
ಬಾಡಿಗೆ ರೂಮಿನ ಗೋಡೆಯಲ್ಲಿ
ಹಿಂದಿನವರ ಫೋಟೊ ತೂಗಿದ್ದ ಜಾಗದಂತೆ.

ಮರುಸಂಜೆ ಅಂಗಿಗಳ ಜೊತೆ ನಾನೂ ಹೋದೆ.
ಗೋಲಿನ ಹಿಂದೆ ಮೂಲೆಯಲ್ಲಿ ನಿಲ್ಲು ಅಂದರು.
ರಾಳದ ವಾಸನೆ!
ಚೆಂಡು ಕೈಗೆ ಹತ್ತಲೆಂದು ಬೆರಳಿಗೆ ಬಳಿಯುತ್ತಾರೆ;
ಗಂಗೊಳ್ಳಿಯಲ್ಲಿ ನಾವದನ್ನು ದೋಣಿಯ ಸಂದಿಗೆ ತುಂಬುತ್ತಿದ್ದೆವು,
ನೀರು ಒಳಬರದಿರಲೆಂದು.
ಅಷ್ಟೇ ನೆನೆದದ್ದು. ಆಟ ಶುರುವಾಗಿತ್ತು.

ಎದುರು ಕತಾರ್. ಎಂಥ ಎತ್ತರದವರು,
ಆರು ಮಂದಿ ಕೈಯೆತ್ತಿ ನಿಂತರೆ ಬಾಗಿಲಿಲ್ಲದ ಗೋಡೆ.
ಒರಿಪೋವ್ ಅಂಚಿನಿಂದ ಹಾರಿದ,
ಗಾಳಿಯಲ್ಲೇ ಒಂದಿಷ್ಟು ಯೋಚಿಸಿದ,
ಕಾಲಿಗೆ ನೆಲ ಸಿಗುವ ಮೊದಲು ಎಸೆದ.
ಬಲೆ ನನ್ನ ಮೂಗಿನ ಹತ್ತಿರ ಉಬ್ಬಿ ಇಳಿಯಿತು.
ಬೆವರಿಗೆ ಅಂಗಿ ಬೆನ್ನಿಗಂಟಿ
ತಿರುಗಿ ಓಡುವಾಗ ಎದ್ದು ಕಂಡವು ಆ ಏಳು ಅಕ್ಷರ.
ನಾನೊಬ್ಬನೇ ಓದಿದೆ ಅಂದುಕೊಂಡೆ.

ಅಲ್ಲ. ಮೂರನೇ ಸಾಲಿನಲ್ಲಿ, ಜನರ ನಡುವೆ,
ನೀಲಿ ಟ್ರ್ಯಾಕ್‌ಸೂಟಿನವನೊಬ್ಬ ಎದ್ದು ನಿಂತಿದ್ದ.
ಆಡದವನ ಬೆರಳಿಗೂ ಬಿಳಿ ಟೇಪು,
ಹತ್ತಕ್ಕೂ, ಅಚ್ಚುಕಟ್ಟಾಗಿ.
ಚಪ್ಪಾಳೆ ತಟ್ಟುತ್ತಿದ್ದ.
ಟೇಪಿನ ಚಪ್ಪಾಳೆಗೆ ಸದ್ದು ಕಡಿಮೆ.

ಇಪ್ಪತ್ತೆರಡಕ್ಕೆ ಮೂವತ್ತೊಂದು. ಸೋತರು.

ಶನಿವಾರ ಬಿಲ್ಲು ಬರೆದೆ, ಹದಿನೇಳು ಹೆಸರು.
ಮ್ಯಾನೇಜರು ಹದಿನಾರಕ್ಕೆ ಎಣಿಸಿ ಕೊಟ್ಟು
ಪಟ್ಟಿ ತೋರಿಸಿದ. ಪಟ್ಟಿಯಲ್ಲಿ ಹದಿನಾರೇ.
ಜಾಸಿಮ್ ನನ್ನ ಮುಖ ನೋಡಿದ, ನಾನು ಪ್ರೆಸ್ಸಿನ ಮುಖ.
ಗುಡಿಸುತ್ತಿದ್ದ ಮೊಫಿಜುಲ್ ಬಗ್ಗಿದ:
ಮೇಜಿನ ಕಾಲಿಗೆ ಅಂಟಿದೆ ಒಂದು ಕರೀ ಅಕ್ಷರ, ಕೀಳಲೇ?
ಅದಕ್ಕೆ ಮತ್ತೆ ಬಿಸಿ ಮಾಡಬೇಕು,
ಇರಲಿ ಬಿಡು ಅಂದೆ.