ಇಲಿ ಪಾಷಾಣ

ಪುಣೆಗೆ ಬಂದ ಹೊಸದರಲ್ಲಿ ಬಸ್ಸಿನ ಹಣೆಯ ಮೇಲೆ
'ಪಾಷಾಣ' ಅಂತ ಓದಿ ನಕ್ಕಿದ್ದೆ.
ನಮ್ಮೂರ ಅಂಗಡಿಯಲ್ಲಿ ಅದನ್ನು ಇಲಿಗೆ ಹಾಕಲು ಮಾರುತ್ತಿದ್ದರು.
ಇಲ್ಲಿ ಇಪ್ಪತ್ತಾರು ವರ್ಷದಿಂದ
ಇಲಿಗೆ ಕಾಳು ಹಾಕುವುದೇ ನನ್ನ ಕೆಲಸ.

ಹಾಲುಪುಡಿ ಕಲಸಿದ ನೀರಿನ ದುಂಡು ತೊಟ್ಟಿ,
ಒಳಗೆಲ್ಲೋ ಕಾಣದ ಒಂದು ಮೆಟ್ಟಿಲು.
ಅಂಡಾಶಯ ತೆಗೆದವು
ನಿನ್ನೆ ಹತ್ತಿದ ಮೆಟ್ಟಿಲನ್ನೇ ಮರೆತು
ಗೋಡೆಗುಂಟ ಸುತ್ತುತ್ತವೆ.
ನಾನು ಸೆಕೆಂಡು ಬರೆದುಕೊಳ್ಳುತ್ತೇನೆ.

ಸಂಶೋಧನೆಯ ಹುಡುಗಿ ಮೃಣ್ಮಯಿ
ಸೂಕ್ಷ್ಮದರ್ಶಕ ಬಿಟ್ಟುಕೊಟ್ಟು "ಕಾಕೂ, ನೋಡಿ" ಅಂದಳು:
ನರದ ಟೊಂಗೆಯ ತುಂಬ ಮುಳ್ಳು, ಜಾಲಿಯ ಹಾಗೆ.
ಇನ್ನೊಂದು ಗಾಜಿನಲ್ಲಿ ಟೊಂಗೆ ಅರೆಬೋಳು.
"ಈಸ್ಟ್ರೋಜನ್ ಬಂದು ಕೂರುವ ಜಾಗ ಹಾಗೇ ಇದೆ,
ಕೂರುವವರಿಲ್ಲ."
ಮುಳ್ಳಿದ್ದರೆ ತಾನೇ ಸೆರಗು ಸಿಕ್ಕುವುದು, ಅಂದುಕೊಂಡೆ.

ಈ ಬೆಳಿಗ್ಗೆ ಒಲೆಯ ಮೇಲೆ ಬೇಳೆ ಉಕ್ಕುತ್ತಿತ್ತು.
ಅದನ್ನು ಇಳಿಸುವುದು, ಎರಡು ಕಾಲಿನದು, ಕಬ್ಬಿಣದ್ದು...
ಮರಾಠಿಯ 'ಸಾಂಡಶಿ' ಓಡೋಡಿ ಬಂತು.
ಅವ್ವನ ಮಾತು ಬರಲಿಲ್ಲ.
ಕತ್ತಿನಿಂದ ಬೆಂಕಿ ಏರಿತು. ಫ್ಯಾನಿನ ಕೆಳಗೆ ನಿಂತೆ,
ಬೇಳೆ ತಳ ಹಿಡಿಯಿತು.

ಬೇಗ ಕೊಟ್ಟರೆ ಮೆಟ್ಟಿಲು ಹುಡುಕಿಕೊಳ್ಳುತ್ತವೆ,
ತಡವಾಗಿ ಕೊಟ್ಟರೆ ಕೆಲವಕ್ಕೆ ನಾಟುವುದಿಲ್ಲ.
ವಹಿಯಲ್ಲಿ ನನ್ನದೇ ಅಕ್ಷರ.
ನನಗೆ ನಿಂತು ಎಷ್ಟಾಯಿತು? ಅದನ್ನೆಲ್ಲೂ ಬರೆದಿಟ್ಟಿಲ್ಲ.

ಹದಿನೇಳನೆಯದು ಇನ್ನೂ ಈಜುತ್ತಿದೆ.
ಅರವತ್ತು ದಾಟಿದರೆ ನಾವೇ ಎತ್ತಿ
ಮೆಟ್ಟಿಲ ಮೇಲಿಡಬೇಕು, ಅದು ನಿಯಮ.
ಐವತ್ತೊಂಬತ್ತು. ಅರವತ್ತು. ಕೈ ಹಾಕಿದೆ.
ಹೆಬ್ಬೆರಳು ತೋರುಬೆರಳ ನಡುವೆ ನಡುಗುವ ಒದ್ದೆ ಮೈ.
"ಇಕ್ಕಳ!" ಅಂದೆ, ಜೋರಾಗಿ.

"ಹೆಸರಿಟ್ಟಿರಾ ಅದಕ್ಕೆ?" ಅಂದಳು ಮೃಣ್ಮಯಿ.